ಸೊಂಟದ ಕೀಲು ಬದಲಾದ ಮೇಲೆ ಕಾಲಿನ ಅಳತೆ

ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಎಷ್ಟೋ ಮಂದಿ ನೋವು ಹೋಯಿತೆಂದು ಸಮಾಧಾನಪಡುತ್ತಲೇ, ‘ಡಾಕ್ಟ್ರೇ, ಈ ಕಾಲು ಸ್ವಲ್ಪ ಉದ್ದ ಆದ ಹಾಗಿದೆ’ ಎನ್ನುತ್ತಾರೆ. ಈ ದೂರಿಗೆ ವೈದ್ಯಶಾಸ್ತ್ರ ಸರಿಯಾಗಿ ಕಿವಿಗೊಡಲು ದಶಕಗಳೇ ಬೇಕಾದವು.

1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಲೋಹದ ಸಣ್ಣ ಚೆಂಡಿಗೆ ಪಾಲಿಎಥಿಲೀನ್ ಬಟ್ಟಲನ್ನು ಜೋಡಿಸಿದರು. ಅದಕ್ಕೂ ಮೊದಲು ಅವರೇ ಬಳಸಿದ್ದ ಟೆಫ್ಲಾನ್ ಬಟ್ಟಲುಗಳು ಬೇಗನೆ ಸವೆದುಹೋಗಿದ್ದವು. ಸೋಂಕು, ಸವೆತ, ಸಡಿಲಿಕೆ ಇವೇ ಆಗಿನ ದೊಡ್ಡ ಚಿಂತೆಗಳು. ಹಾಸಿಗೆ ಬಿಟ್ಟೇಳಲಾಗದವರು ನಡೆಯತೊಡಗಿದರೆ, ಕಾಲು ಒಂದಿಷ್ಟು ಉದ್ದವಾದದ್ದನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಕಾಲು ಉದ್ದವಾಗುವುದು ಹೆಚ್ಚಾಗಿ ಕೈತಪ್ಪಿನಿಂದಲ್ಲ. ತೊಡೆಮೂಳೆಯೊಳಗೆ ಕೃತಕ ಕೀಲಿನ ಕಾಂಡ ಎಷ್ಟು ಆಳಕ್ಕೆ ಇಳಿಯಿತು, ಬಟ್ಟಲು ಎಲ್ಲಿ ಕೂತಿತು, ಚೆಂಡಿನ ಕತ್ತು ಎಷ್ಟು ಉದ್ದ ಎಂಬುದರ ಮೇಲೆ ಅಳತೆ ನಿಲ್ಲುತ್ತದೆ. ಶಸ್ತ್ರಚಿಕಿತ್ಸಕರು ಕೀಲನ್ನು ಕೂಡಿಸಿ, ಕಾಲನ್ನು ಎಳೆದು ತಿರುಗಿಸಿ ನೋಡುತ್ತಾರೆ. ಸಡಿಲವೆನಿಸಿದರೆ ನಾಳೆ ಕೀಲು ಜಾರೀತೆಂಬ ಭಯ. ಉದ್ದ ಕತ್ತಿನ ಚೆಂಡು ಹಾಕಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಜತೆಗೆ ಕಾಲೂ ಬೆಳೆಯುತ್ತದೆ. ಮಿತಿಮೀರಿ ಎಳೆದರೆ ಸಯಾಟಿಕ್ ನರಕ್ಕೇ ಪೆಟ್ಟಾಗಬಹುದು. ತೊಡೆಮೂಳೆಯನ್ನು ಹೊರಕ್ಕೆ ಸರಿಸಿ ಕೂರಿಸುವ ಕಾಂಡಗಳು ಬಂದ ಮೇಲೆ, ಉದ್ದ ಹೆಚ್ಚಿಸದೆಯೂ ಬಿಗಿತ ತರಲು ಸಾಧ್ಯವಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಮುನ್ನಡೆ ಇದೇ: ಎರಡೂ ಕಾಲು ಸಮನಿದ್ದರೂ ಪೃಷ್ಠದ ಸ್ನಾಯು ಸಡಿಲವಾಗಿದ್ದರೆ ನಡಿಗೆ ಕುಂಟುತ್ತದೆ.

ಅಳೆಯುವ ವಿದ್ಯೆಯೂ ಬೆಳೆಯಿತು. ಎಕ್ಸ್‌ರೇ ಮೇಲೆ ಮೊದಲೇ ಗೆರೆ ಎಳೆದು ಲೆಕ್ಕ ಹಾಕುವುದು ವಾಡಿಕೆಯಾಯಿತು. 1985ರಲ್ಲಿ ವೂಲ್ಸನ್ ಮತ್ತು ಹ್ಯಾರಿಸ್, ಶಸ್ತ್ರಚಿಕಿತ್ಸೆಯ ನಡುವೆಯೇ ಉದ್ದ ಅಳೆಯುವ ಒಂದು ವಿಧಾನವನ್ನು ಪ್ರಕಟಿಸಿದರು. 1992ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ರೋಬೋಡಾಕ್ ಎಂಬ ರೋಬೋಟ್ ಯಂತ್ರ ಕಾಂಡ ಕೂರಿಸಲು ಮನುಷ್ಯರ ತೊಡೆಮೂಳೆಯನ್ನು ಕೊರೆಯಿತು. ಇಂದಿನ ರೋಬೋಟ್ ತೋಳುಗಳು ಮಿಲಿಮೀಟರ್ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಅದರಿಂದ ರೋಗಿಯ ನಡಿಗೆ ಅಷ್ಟೇ ಸುಧಾರಿಸಿದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಏಕೆಂದರೆ ಟೇಪಿನ ಅಳತೆಗೂ ರೋಗಿಯ ಅನುಭವಕ್ಕೂ ತಾಳೆಯಾಗುವುದಿಲ್ಲ. 2002ರಲ್ಲಿ ಬ್ರಿಟನ್ನಿನ ಮೂಳೆಚಿಕಿತ್ಸಾ ಪತ್ರಿಕೆಯೊಂದರಲ್ಲಿ ವೈಟ್ ಮತ್ತು ಡೂಗಲ್, ಕಾಲಿನ ಉದ್ದ ಅಷ್ಟೇನೂ ಮುಖ್ಯವಲ್ಲ ಎಂದು ಬರೆದರು. ಮೂರೇ ವರ್ಷದಲ್ಲಿ ಅದೇ ಪತ್ರಿಕೆಯಲ್ಲಿ ಕೊನ್ಯವೆಸ್ ಮತ್ತು ಬ್ಯಾನಿಸ್ಟರ್ 90 ರೋಗಿಗಳ ಅಧ್ಯಯನ ಪ್ರಕಟಿಸಿದರು. ಕಾಲು ಉದ್ದವಾದವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಗಷ್ಟೇ ಅದು ಅರಿವಿಗೆ ಬಂದಿತ್ತು. ಆದರೆ ಹಾಗೆ ಅನ್ನಿಸಿದವರ ಕೀಲಿನ ಕಾರ್ಯಕ್ಷಮತೆಯೂ ಕುಂದಿತ್ತು. ರೋಗಿಯ ಮಾತನ್ನು ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯ ಎಂದು ನಾನು ನಂಬಿರುವುದು ಇದಕ್ಕೇ.

ಭಾರತ ಮೂಲದ, ನ್ಯೂಯಾರ್ಕಿನ ತಜ್ಞ ಚಿತ್ರಂಜನ್ ರಾಣಾವತ್ ಮತ್ತು ರೋಡ್ರಿಗಸ್ 1997ರಲ್ಲಿ ಇನ್ನೊಂದು ಎಳೆ ಬಿಡಿಸಿದ್ದರು. ವರ್ಷಗಟ್ಟಲೆ ನೋವಿನಿಂದ ಮುದುಡಿದ ಸ್ನಾಯುಗಳು ಕಟಿಯನ್ನು ಓರೆಯಾಗಿಸಿರುತ್ತವೆ. ಮೂಳೆಗಳು ಸಮನಿದ್ದರೂ ಕಾಲು ಉದ್ದವೆನಿಸುತ್ತದೆ. ಅವರು ಕಂಡ ರೋಗಿಗಳಲ್ಲಿ ಇದು ಆರು ತಿಂಗಳೊಳಗೆ ಸರಿಹೋಯಿತು. ಆದ್ದರಿಂದಲೇ ಚಪ್ಪಲಿಯ ಅಟ್ಟೆ ಎತ್ತರಿಸಲು ಆತುರಪಡಬಾರದು. ಎತ್ತರಿಸಿದರೆ ಕಟಿಯ ಆ ಓರೆ ಹಾಗೇ ಉಳಿದುಬಿಡಬಹುದು. ಆರು ತಿಂಗಳ ಮೇಲೂ ವ್ಯತ್ಯಾಸ ಉಳಿದರೆ ಪಾದದಡಿ ಮರದ ಹಲಗೆಗಳನ್ನಿಟ್ಟು, ಕಟಿ ಸಮವಾಗುವವರೆಗೆ ಏರಿಸಿ ಅಳೆಯುತ್ತಾರೆ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ನಮ್ಮ ಮನೆಗಳಲ್ಲಿ ಅಟ್ಟೆ ಅರ್ಧ ದಿನಕ್ಕಷ್ಟೇ ಉಪಯೋಗಕ್ಕೆ ಬರುತ್ತದೆ. ಅಡುಗೆಮನೆಯಲ್ಲಿ ತಾಸುಗಟ್ಟಲೆ ಬರಿಗಾಲಲ್ಲಿ ನಿಲ್ಲುವ ಹೆಂಗಸರಿಗೆ ಮನೆಯೊಳಗೆ ಹಾಕಿಕೊಳ್ಳುವ ಬೇರೆ ಜೋಡನ್ನೂ ಬರೆದುಕೊಡಬೇಕು.