ಚುಕ್ಕಾಣಿ ಮಗುವಿನ ಕೈಗೆ

ವಿಶೇಷ ಅಗತ್ಯದ ಮಕ್ಕಳನ್ನು ನೀರಿಗಿಳಿಸುವ ಕೆಲಸ ಮೊದಲಾದದ್ದು ಈಜುಕೊಳದಲ್ಲಿ. ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹುಡುಗಿಯರಿಗೆ 1949ರಲ್ಲಿ ಈಜು ಕಲಿಸಲು ಹೊರಟ ಜೇಮ್ಸ್ ಮ್ಯಾಕ್‌ಮಿಲನ್ ವೃತ್ತಿಯಿಂದ ಎಂಜಿನಿಯರ್. ನೆಲದ ಮೇಲೆ ನಿಲ್ಲಲಾರದ ದೇಹ ನೀರಿನಲ್ಲಿ ಎತ್ತ ವಾಲುತ್ತದೆ, ಎಲ್ಲಿ ಸಮತೋಲ ಹಿಡಿಯುತ್ತದೆ ಎಂದು ಗಮನಿಸಿ, ಗಾಳಿ ಟ್ಯೂಬಿನ ಹಂಗಿಲ್ಲದೆ, ಮಗುವಿಗೊಬ್ಬರು ಜೊತೆಗಾರರಿರುವ ಕ್ರಮವೊಂದನ್ನು ರೂಪಿಸಿದರು. ಹ್ಯಾಲಿವಿಕ್ ಪದ್ಧತಿಯೆಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಕರ್ನಾಟಕದಲ್ಲಿಯೂ ಈ ದಾರಿಯ ಅನುಭವ ಹೆಚ್ಚಾಗಿ ಈಜಿನದೇ. ಬೆನ್ನುಹುರಿಯ ಹುಟ್ಟುದೋಷವಿದ್ದ ಬೆಂಗಳೂರಿನ ನಿರಂಜನ್ ಮುಕುಂದನ್ ಚಿಕ್ಕವರಿದ್ದಾಗ ಚಿಕಿತ್ಸೆಗೆಂದು ಕೊಳಕ್ಕಿಳಿದವರು, ಮುಂದೆ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ದೇಶದ ಪರವಾಗಿ ಈಜಿದರು.

ಕೊಳದಿಂದ ಹಾಯಿದೋಣಿಗೆ ಬಂದದ್ದು ಬೇರೆಯದೇ ಹೆಜ್ಜೆ. ಅಂಗವಿಕಲ ಮಕ್ಕಳನ್ನು ಹಾಯಿದೋಣಿಯಲ್ಲಿ ಕರೆದೊಯ್ಯುತ್ತಿದ್ದ ಕ್ರಿಸ್ಟೋಫರ್ ರಡ್ ಎಂಬ ಶಿಕ್ಷಕರ ಕನಸಿನಿಂದ 1978ರಲ್ಲಿ ಬ್ರಿಟನ್ನಿನಲ್ಲಿ ಜುಬಿಲಿ ಸೇಲಿಂಗ್ ಟ್ರಸ್ಟ್ ಹುಟ್ಟಿತು. ಅದು ಕಟ್ಟಿಸಿದ 'ಲಾರ್ಡ್ ನೆಲ್ಸನ್' ಹಡಗಿನಲ್ಲಿ ಗಾಲಿಕುರ್ಚಿಯವರೂ ನಡೆದಾಡುವವರೂ ಒಟ್ಟಿಗೇ ನಾವಿಕರಾಗಿ ದುಡಿಯುತ್ತಿದ್ದರು. ದುಡ್ಡಿನ ಕೊರತೆಯಿಂದ ಆ ಟ್ರಸ್ಟ್ 2023ರಲ್ಲಿ ಮುಚ್ಚಿತು. ದೊಡ್ಡ ಹಡಗನ್ನು ನಂಬಿದ ಕೆಲಸ ಹೀಗೆ ನಿಂತರೂ ಸಣ್ಣ ದೋಣಿಯ ಕೆಲಸ ನಿಲ್ಲಲಿಲ್ಲ.

ಆ ಸಣ್ಣ ದೋಣಿಯನ್ನು ಕೊಟ್ಟವರು ಆಸ್ಟ್ರೇಲಿಯದ ಕ್ರಿಸ್ ಮಿಚೆಲ್. ಮೊದಲು 'ಆಕ್ಸೆಸ್', ಈಗ 'ಹಾನ್ಸಾ' ಎಂದು ಕರೆಯುವ ಈ ದೋಣಿಯ ಚಿಕ್ಕ ಮಾದರಿ ಕೇವಲ 2.3 ಮೀಟರ್ ಉದ್ದ. ಮಾಮೂಲಿ ಹಾಯಿದೋಣಿಯಲ್ಲಿ ಅಂಚಿನ ಮೇಲೆ ಕೂತು, ಗಾಳಿ ತಿರುಗಿದಾಗಲೆಲ್ಲ ಈ ಬದಿಯಿಂದ ಆ ಬದಿಗೆ ಜಿಗಿಯಬೇಕು. ಇದರಲ್ಲಿ ಹಾಗಿಲ್ಲ. ಜೋಲಿಯಂಥ ಬಟ್ಟೆಯ ಸೀಟಿನಲ್ಲಿ, ದೋಣಿಯ ತಳಕ್ಕೆ ಹತ್ತಿರವಾಗಿ, ಮುಂದೆ ನೋಡುತ್ತ ಕೂತರಾಯಿತು. ಅಡಿಯಲ್ಲಿ ಇಳಿಬಿಟ್ಟ ಭಾರದ ಹಲಗೆ ದೋಣಿಯನ್ನು ಸುಲಭಕ್ಕೆ ಮಗುಚಲು ಬಿಡುವುದಿಲ್ಲ. ಗಾಳಿ ಜೋರಾದರೆ ಹಾಯಿಯನ್ನು ಕಂಬಕ್ಕೇ ಸುತ್ತಿ ಕಿರಿದು ಮಾಡಬಹುದು. ಎಲ್ಲಕ್ಕಿಂತ ಜಾಣತನದ ಭಾಗ ಚುಕ್ಕಾಣಿ. ಸಾಮಾನ್ಯ ದೋಣಿಯಲ್ಲಿ ಅದರ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಇಲ್ಲಿ ಕಾಲುಗಳ ನಡುವಿನ ಪುಟ್ಟ ಕೋಲನ್ನು ಎತ್ತ ವಾಲಿಸಿದರೆ ದೋಣಿಯೂ ಅತ್ತಲೇ. ಕೈಬೆರಳು ಆಡದ ಮಕ್ಕಳಿಗಾಗಿ ಬ್ಯಾಟರಿ ಮೋಟರು ಹಗ್ಗ ಎಳೆಯುವ ಮಾದರಿಯೂ ಇದೆ.

2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಆಟವಾದ ಹಾಯಿದೋಣಿ ಸ್ಪರ್ಧೆ 2016ರ ರಿಯೊ ನಂತರ ಪಟ್ಟಿಯಿಂದ ಹೊರಬಿತ್ತು. ಕಾರಣ, ಬೇಕಾದಷ್ಟು ದೇಶಗಳಲ್ಲಿ ಅದು ಬೇರೂರಿರಲಿಲ್ಲ. ಆ ಕೊರತೆಯಲ್ಲಿ ನಮ್ಮಂಥ ದೇಶಗಳ ಪಾಲೂ ಇದೆ ಎಂದೇ ನನಗನ್ನಿಸುತ್ತದೆ. ನಮ್ಮಲ್ಲಿ ಹಾಯಿದೋಣಿ ಬಹುಕಾಲ ಸೈನ್ಯದ ಮತ್ತು ಕ್ಲಬ್ಬುಗಳ ವಿದ್ಯೆಯಾಗಿಯೇ ಉಳಿಯಿತು. 1985ರಿಂದ 87ರ ನಡುವೆ 'ತೃಷ್ಣಾ' ದೋಣಿಯಲ್ಲಿ ಭೂಮಿ ಸುತ್ತಿ ಬಂದವರು ಸೇನೆಯ ಎಂಜಿನಿಯರುಗಳು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಹುಡುಗರ ಹಾಯಿಗಳು ಕಾಣುತ್ತವೆ. ಕನ್ನಂಬಾಡಿ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ತರಬೇತಿ, ಸ್ಪರ್ಧೆ ನಡೆಸಿದೆ. ವಿದ್ಯೆಯೂ ಇದೆ, ಗಾಳಿಯೂ ಇದೆ ಎಂದಾಯಿತು.

ಹಾಯಿದೋಣಿ ಮಗುವಿಗೆ ಏನು ಕೊಡುತ್ತದೆ? ಅಲೆಯ ತೂಗಾಟಕ್ಕೆ ಬೆನ್ನು, ಕುತ್ತಿಗೆ ತಾವಾಗಿಯೇ ಹೊಂದಿಕೊಳ್ಳಬೇಕಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗು ಫಿಸಿಯೋಥೆರಪಿಯ ಕೋಣೆಯಲ್ಲಿ ಅಳುತ್ತ ಮಾಡುವುದನ್ನು ಇಲ್ಲಿ ಗೊತ್ತಿಲ್ಲದೇ ಮಾಡುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಎಂಜಿನ್ನಿನ ಸದ್ದಿಲ್ಲದ ವಿಶಾಲ ನೀರು ಹಿತ. ಹಗ್ಗ ಎಳೆದರೆ ವೇಗ, ಬಿಟ್ಟರೆ ನಿಲುಗಡೆ ಎಂಬ ನೇರ ಉತ್ತರವೂ ಅವರಿಗೆ ಒಗ್ಗುತ್ತದೆ. ಈ ಕುರಿತ ಅಧ್ಯಯನಗಳು ಸಣ್ಣವು, ಬೆರಳೆಣಿಕೆಯ ಮಕ್ಕಳ ಮೇಲೆ ನಡೆದಂಥವು. ಆದ್ದರಿಂದ 'ವಾಸಿಯಾಗುತ್ತದೆ' ಎಂಬ ಆಸೆಯನ್ನು ಯಾವ ತಾಯಿಗೂ ಹುಟ್ಟಿಸಬಾರದು. ಅಂಥ ಮಾತು ಕೇಳಿ ಊರೂರು ಅಲೆದು ದಣಿದವರು ಅವರು. ನನ್ನ ಮಟ್ಟಿಗೆ ದೊಡ್ಡ ಲಾಭ ಬೇರೆ. ದಿನವಿಡೀ ಯಾರೋ ಎತ್ತಿ, ತಳ್ಳಿ, ಉಣ್ಣಿಸಿ ಸಾಗಿಸುವ ಮಗು ಇಲ್ಲಿ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ದಾರಿ ಆರಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಕ್ರೀಡೆ ಮನರಂಜನೆಗಳನ್ನೂ ಹಕ್ಕಿನ ಸಾಲಿಗೆ ಸೇರಿಸಿರುವುದು ಇದಕ್ಕೇ.

ಇನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ನೀರು. ಎಲ್ಲ ನೀರೂ ಈ ಕೆಲಸಕ್ಕೆ ಒದಗುವುದಿಲ್ಲ. ಶ್ರೀರಂಗಪಟ್ಟಣದ ಬಳಿ ಹೊಳೆಗೆ ಸೆಳೆತವಿದೆ, ಬಂಡೆಗಳಿವೆ, ರಂಗನತಿಟ್ಟಿನಲ್ಲಿ ಮೊಸಳೆಗಳಿವೆ. ಸಂಗಮದ ಹರಿಗೋಲಿನ ಸವಾರಿಯಲ್ಲಿ ಅಂಬಿಗರು ಹುಟ್ಟು ಹಾಕಿ ಗಿರಗಿರನೆ ತಿರುಗಿಸಿದಾಗ ಸುತ್ತುವುದನ್ನೇ ಇಷ್ಟಪಡುವ ಮಗು ಕೇಕೆ ಹಾಕೀತು. ಮೂರ್ಛೆರೋಗದ ಮಗುವಿಗೆ ವೈದ್ಯರನ್ನು ಕೇಳದೆ ಅದು ಬೇಡ. ಪಾಂಡವಪುರದ ತೊಣ್ಣೂರು ಕೆರೆ ತಿಳಿಯಾದ, ಆದರೆ ಆಳದ ನೀರು. ಕೆ.ಆರ್. ಪೇಟೆ ಕಡೆಯ ಕನ್ನಂಬಾಡಿ ಹಿನ್ನೀರು, ವರಾಹನಾಥ ಕಲ್ಲಹಳ್ಳಿಯ ದಡದಲ್ಲಿ ಕಾಣುವಂಥದ್ದು, ಹರವಾಗಿದೆ. ನಾಗಮಂಗಲ ಬಯಲುಸೀಮೆ, ಅಲ್ಲಿಯ ಮಕ್ಕಳು ಬಸ್ಸು ಹತ್ತಿಯೇ ಬರಬೇಕು. ಆದರೆ ಅದೇ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಮಕ್ಕಳನ್ನು ಮೊದಲು ತಪಾಸಣೆ ಮಾಡಿ ಕಳಿಸಲು ಅನುಕೂಲ.

ತಾಯಂದಿರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ಸು ಬಿದ್ದು 30 ಮಂದಿ ತೀರಿಕೊಂಡರು, ಅವರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಇಂಥ ನೆಲದಲ್ಲಿ ಲೈಫ್ ಜಾಕೆಟ್ಟು, ಹಿಂದೆಯೇ ಬರುವ ಮೋಟರು ದೋಣಿ, ದಡದಲ್ಲಿ ಈಜು ಬಲ್ಲವರು ಇವೆಲ್ಲ ಮೊದಲು, ಹಾಯಿ ಆಮೇಲೆ. ಶ್ರವಣಯಂತ್ರವನ್ನು ದಡದಲ್ಲೇ ಬಿಡಬೇಕಾದ ಮಗುವಿಗೆ ಕೈಸನ್ನೆಗಳನ್ನು ಮುಂಚೆಯೇ ಕಲಿಸಿರಬೇಕು.

ನಿಜವಾದ ತೊಡಕು ದೋಣಿಯದಲ್ಲ, ದಡದ್ದು. ಕನ್ನಂಬಾಡಿ ಕಟ್ಟೆ ತುಂಬಿದಾಗ 124.80 ಅಡಿ ಇರುವ ಮಟ್ಟ ಬೇಸಿಗೆಗೆ ಇಳಿದರೆ ನೀರು ಬಹುದೂರ ಹಿಂದೆ ಸರಿದು ನಡುವೆ ಕೆಸರು ಉಳಿಯುತ್ತದೆ. ಗಾಲಿಕುರ್ಚಿ ಅಲ್ಲಿ ಹೂತುಹೋಗುತ್ತದೆ. ನೀರಿನ ಜೊತೆ ಏರಿಳಿಯುವ ತೇಲು ಕಟ್ಟೆ, ಅದಕ್ಕೆ ಇಳಿಜಾರಿನ ಹಲಗೆ, ಮಗುವನ್ನು ಎತ್ತಿ ಕೂರಿಸುವ ಸಣ್ಣ ರಾಟೆ, ಇಷ್ಟಕ್ಕೆ ನೀರಾವರಿ ನಿಗಮದ ಅನುಮತಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮಕ್ಕಳ ಪಟ್ಟಿ ಹುಡುಕಬೇಕಾಗಿಲ್ಲ. ಮನೆಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವ ಸಮನ್ವಯ ಶಿಕ್ಷಣದ ಸಂಪನ್ಮೂಲ (ಬಿ.ಐ.ಇ.ಆರ್.ಟಿ.) ಶಿಕ್ಷಕರಿಗೂ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಪ್ರತಿ ಮಗುವಿನ ಹೆಸರು, ಮನೆ ಗೊತ್ತು. ಮುಂಗಾರಿನ ಬಿರುಗಾಳಿ ತಗ್ಗಿ, ಕಟ್ಟೆಯಲ್ಲಿ ನೀರು ಇನ್ನೂ ನಿಂತಿರುವ ನವೆಂಬರ್-ಡಿಸೆಂಬರ್ ತಿಂಗಳ ಬೆಳಗುಗಳು ಮೊದಲ ತಂಡಕ್ಕೆ ತಕ್ಕ ಹೊತ್ತು. ಎರಡು ದೋಣಿ ಸಾಕು. ಮೊದಲ ದಿನ ಮಕ್ಕಳ ಜೊತೆ ತಾಯಂದಿರನ್ನೂ ಕೂರಿಸಬೇಕು.