ಎದೆಯ ಚಾನೆಲ್‌ನಲ್ಲಿ ಮಿದುಳಿನ ಪಾಲು: ಇಇಜಿಗೆ ಇಸಿಜಿ ಸೇರಿಸುವಾಗ ಏಳುವ ರೆಫರೆನ್ಸ್ ಪ್ರಶ್ನೆ

ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬೆರ್ಗರ್ 1929ರಲ್ಲಿ ಮನುಷ್ಯನ ಮಿದುಳಲೆಗಳ ಕುರಿತ ತಮ್ಮ ಮೊದಲ ಲೇಖನ ಪ್ರಕಟಿಸಿದರು. ಈ ಏರಿಳಿತ ಮಿದುಳಿನದಲ್ಲ, ಹೃದಯದ್ದು ಎಂಬ ಅನುಮಾನ ಬರುವುದು ಸಹಜವಾಗಿತ್ತು. ಅದನ್ನು ಕಳೆಯಲು ಅವರು ಹೃದಯದ ಸಂಕೇತವನ್ನೂ ಜೊತೆಯಲ್ಲೇ ದಾಖಲಿಸಿದ್ದರು. ಹಾಗಾಗಿ ಇಇಜಿಯ (ಮಿದುಳಲೆಗಳ ದಾಖಲೆಯ) ಪಕ್ಕದಲ್ಲಿ ಇಸಿಜಿ (ಹೃದಯದ ಸಂಕೇತದ ದಾಖಲೆ) ಇರಬೇಕೆಂಬುದು ಇಇಜಿಯಷ್ಟೇ ಹಳೆಯ ಮಾತು. ಅಮೆರಿಕದ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಸೊಸೈಟಿಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮಿದುಳು ಸಾವನ್ನು ಖಚಿತಪಡಿಸುವಾಗ ಮಿಲಿಮೀಟರಿಗೆ 2 ಮೈಕ್ರೋವೋಲ್ಟಿನಷ್ಟು ಸೂಕ್ಷ್ಮವಾಗಿ ದಾಖಲಿಸುವುದರಿಂದ ನೆತ್ತಿಯ ಮೇಲೆ ಹೃದಯದ ಬಡಿತವೇ ಎದ್ದು ಕಾಣುತ್ತದೆ. ಅಲ್ಲಿ ಇಸಿಜಿ ಇಲ್ಲದ ದಾಖಲೆಯನ್ನು ಓದುವುದೇ ಕಷ್ಟ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರಿರುವುದು ಆ ಚಾನೆಲನ್ನು ಹೇಗೆ ಜೋಡಿಸಬೇಕೆಂಬಲ್ಲಿ. ಎಡಿಎಸ್1299 ಚಿಪ್ ಬಳಸುವ ಎಂಟು ಚಾನೆಲ್‌ಗಳ ಸಣ್ಣ ಬೋರ್ಡುಗಳಲ್ಲಿ ಖಾಲಿ ಚಾನೆಲ್‌ಗೆ ಎದೆಯ ಮೇಲಿನ ಒಂದು ಎಲೆಕ್ಟ್ರೋಡ್ ಸಿಕ್ಕಿಸಿ, ತಲೆಯ ರೆಫರೆನ್ಸನ್ನೇ, ಅಂದರೆ ಉಳಿದ ಚಾನೆಲ್‌ಗಳು ಹೋಲಿಸಿ ಅಳೆಯುವ ಎಲೆಕ್ಟ್ರೋಡನ್ನೇ, ಅದಕ್ಕೂ ಹಂಚುವುದು ಸುಲಭದ ದಾರಿ. ಬಡಿತ ಯಾವಾಗ ಆಯಿತೆಂದು ತಿಳಿಯಲು ಇದು ಧಾರಾಳವಾಗಿ ಸಾಕು. ಆದರೆ ಅದೇ ಚಾನೆಲನ್ನು ರಿಗ್ರೆಷನ್ ವಿಧಾನದಲ್ಲಿ ಇಇಜಿಯಿಂದ ಕಳೆದು ಹೃದಯದ ಕಲಬೆರಕೆ ತೆಗೆಯಲು ಹೊರಟರೆ ಪ್ರಶ್ನೆ ಏಳುತ್ತದೆ.

ಈ ವಿಧಾನದ ಪ್ರಸಿದ್ಧ ರೂಪವನ್ನು ಗ್ರ್ಯಾಟನ್, ಕೋಲ್ಸ್ ಮತ್ತು ಡಾಂಚಿನ್ 1983ರಲ್ಲಿ ಕಣ್ಣಿನ ಚಲನೆಗಾಗಿ ರೂಪಿಸಿದರು. ಕಣ್ಣಿನ ಚಾನೆಲ್‌ನಲ್ಲಿ ಹಣೆಯ ಹಿಂದಿನ ಮಿದುಳಿನ ಅಲೆಗಳೂ ಸೇರಿರುತ್ತವೆ, ಕಳೆಯುವಾಗ ಅವೂ ಕಳೆದುಹೋಗುತ್ತವೆ ಎಂಬ ಟೀಕೆ ಅದರ ಬೆನ್ನಿಗೇ ಅಂಟಿಕೊಂಡಿದೆ. ಎದೆ ಮಿದುಳಿನಿಂದ ದೂರವಿರುವುದರಿಂದ ಇಸಿಜಿಗೆ ಈ ಟೀಕೆ ತಟ್ಟದು ಎನ್ನುವುದುಂಟು. ಇದನ್ನು ನಾನು ಒಪ್ಪುವುದಿಲ್ಲ. ಚಾನೆಲ್ ಅಳೆಯುವುದು ಎದೆಯನ್ನಲ್ಲ, ಎದೆಗೂ ರೆಫರೆನ್ಸಿಗೂ ಇರುವ ವ್ಯತ್ಯಾಸವನ್ನು. ರೆಫರೆನ್ಸ್ ತಲೆಯ ಮೇಲಿದ್ದರೆ ಮಿದುಳು ಆ ದಾರಿಯಿಂದಲೇ ಎದೆಯ ಚಾನೆಲ್ ಹೊಗುತ್ತದೆ, ಮತ್ತು ಎಲ್ಲ ಇಇಜಿ ಚಾನೆಲ್‌ಗಳಲ್ಲೂ ಅದೇ ಅಂಶ ಅದೇ ಚಿಹ್ನೆಯೊಡನೆ ಕೂತಿರುತ್ತದೆ.

ಪ್ರಮಾಣ ಅಲ್ಪವಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಎದೆಯ ಆರ್ ಅಲೆ, ಅಂದರೆ ಇಸಿಜಿಯಲ್ಲಿ ಪ್ರತಿ ಬಡಿತದ ಮೊನಚು ಶಿಖರ, ಸುಮಾರು 1 ಮಿಲಿವೋಲ್ಟ್. ಬಡಿತಗಳ ನಡುವಿನ ಸಮತಟ್ಟು ಭಾಗವನ್ನೂ ಸೇರಿಸಿ ಇಸಿಜಿಯ ಆರ್‌ಎಂಎಸ್ ಬೆಲೆ 150 ಮೈಕ್ರೋವೋಲ್ಟ್ ಎನ್ನೋಣ. ನೆತ್ತಿಯ ಮೇಲಿಟ್ಟ ರೆಫರೆನ್ಸಿನಲ್ಲಿ ಮಿದುಳಿನ ಚಟುವಟಿಕೆ 15 ಮೈಕ್ರೋವೋಲ್ಟ್ ಇರಲಿ. ರಿಗ್ರೆಷನ್ ನೋಡುವುದು ವರ್ಗಗಳನ್ನು: 225ನ್ನು 22,500ರಿಂದ ಭಾಗಿಸಿದರೆ 0.01. ಇಸಿಜಿಯನ್ನು ಎಷ್ಟರಿಂದ ಗುಣಿಸಿ ಕಳೆಯಬೇಕೆಂದು ಹೇಳುವ ಗುಣಕಕ್ಕೆ ಹೃದಯದ ಸಂಬಂಧವೇ ಇಲ್ಲದೆ ಇಷ್ಟು ಸೇರಿಕೊಳ್ಳುತ್ತದೆ. ಇಇಜಿಯಲ್ಲಿ ಹೃದಯದ ನಿಜವಾದ ಕಲಬೆರಕೆ ಆರ್ ಅಲೆಯ ತುದಿಯಲ್ಲಿ 10 ಮೈಕ್ರೋವೋಲ್ಟ್ ಆಗಿದ್ದರೆ ನಿಜವಾದ ಗುಣಕವೂ 0.01. ಅಂದರೆ ಅಂದಾಜು ಎರಡರಷ್ಟಾಗಿ, ಕಳೆದ ಮೇಲೆ ಅಷ್ಟೇ ಎತ್ತರದ ಬಡಿತ ತಲೆಕೆಳಗಾಗಿ ಉಳಿಯುತ್ತದೆ! ಎಷ್ಟು ಹೊತ್ತು ದಾಖಲಿಸಿದರೂ ಈ ದೋಷ ಸವೆಯದು, ಏಕೆಂದರೆ ಇದು ಮಾದರಿಯ ಗಾತ್ರದಿಂದ ಬಂದದ್ದಲ್ಲ.

ಈ ವಾದದ ಮಿತಿಗಳನ್ನೂ ಹೇಳಬೇಕು. ಮೇಲಿನ ಅಂಕಿಗಳು ಉದಾಹರಣೆಗೆ ಆರಿಸಿಕೊಂಡವು. ದೋಷ ವರ್ಗದ ಪ್ರಮಾಣದಲ್ಲಿ ಬದಲಾಗುವುದರಿಂದ, ರೆಫರೆನ್ಸ್ ಕಿವಿಯ ಹಾಲೆಗೆ ಸರಿದು ಮಿದುಳಿನ ಪಾಲು 5 ಮೈಕ್ರೋವೋಲ್ಟಿಗೆ ಇಳಿದರೆ ಅದು ಒಂಬತ್ತರಲ್ಲೊಂದು ಪಾಲಾಗಿ ಬಹುಮಟ್ಟಿಗೆ ನಗಣ್ಯವಾಗುತ್ತದೆ. ಅಳೆಯುವ ತಾಣದ ಚಟುವಟಿಕೆಗೂ ರೆಫರೆನ್ಸಿನದಕ್ಕೂ ಸಂಬಂಧವಿಲ್ಲವೆಂದೂ ನಾನು ಊಹಿಸಿಕೊಂಡಿದ್ದೇನೆ. ಎರಡೂ ಹತ್ತಿರವಿದ್ದು ಒಟ್ಟೊಟ್ಟಿಗೆ ಏರಿಳಿಯುವಂತಿದ್ದರೆ ದೋಷ ತಗ್ಗುತ್ತದೆ. ಇನ್ನು, ಗುಣಕವನ್ನು ಇಡೀ ದಾಖಲೆಯಿಂದ ತೆಗೆಯದೆ ಆರ್ ಅಲೆಗೆ ಹೊಂದಿಸಿದ ಸರಾಸರಿಯಿಂದ ತೆಗೆದರೆ, 100 ಬಡಿತಗಳಲ್ಲಿ ಹೃದಯಕ್ಕೆ ಬೆಸೆದುಕೊಳ್ಳದ ಮಿದುಳಲೆ ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಗ್ರ್ಯಾಟನ್ ಮತ್ತು ಸಂಗಡಿಗರು ಪ್ರಚೋದನೆಗೆ ಹೊಂದಿಕೊಂಡ ಅಂಶವನ್ನು ಮೊದಲೇ ತೆಗೆಯುತ್ತಿದ್ದರು ನಿಜ. ಆದರೆ ಹಿನ್ನೆಲೆಯ ಆಲ್ಫಾ ಲಯ ಅದಕ್ಕೆ ಸಿಗುವುದಿಲ್ಲ.

ಪರಿಹಾರ ಮಾತ್ರ ಅಗ್ಗವಾದದ್ದು. ಎದೆಯ ಮೇಲೆ ಎರಡು ಎಲೆಕ್ಟ್ರೋಡ್ ಇಟ್ಟು, ಆ ಒಂದು ಚಾನೆಲನ್ನು ಹಂಚಿಕೆಯ ರೆಫರೆನ್ಸಿನಿಂದ ಬಿಡಿಸಿ, ಧನ ಮತ್ತು ಋಣ ತುದಿಗಳೆರಡನ್ನೂ ಎದೆಗೇ ಕೊಡಬೇಕು. ಎಡಿಎಸ್1299ರಲ್ಲಿ ಪ್ರತಿ ಚಾನೆಲ್‌ಗೂ ಎರಡು ಪ್ರತ್ಯೇಕ ತುದಿಗಳಿರುವುದರಿಂದ ಹೊಸ ಯಂತ್ರಾಂಶ ಬೇಡ. ಗೇನ್ 24 ಇದ್ದಾಗಲೂ, 4.5 ವೋಲ್ಟಿನ ಆಧಾರದಲ್ಲಿ, 187.5 ಮಿಲಿವೋಲ್ಟಿನವರೆಗೆ ಜಾಗವಿದೆ. ಇಸಿಜಿ ಅದರಲ್ಲಿ ನಿರಾತಂಕವಾಗಿ ಹಿಡಿಸುತ್ತದೆ. ತುದಿಗಳನ್ನು ಬಿಡಿಸಲಾಗದ ಬೋರ್ಡಿನಲ್ಲಿ ಎರಡು ಚಾನೆಲ್ ಖರ್ಚು ಮಾಡಿ ಆಮೇಲೆ ಒಂದರಿಂದ ಇನ್ನೊಂದನ್ನು ಕಳೆದರೂ ರೆಫರೆನ್ಸ್ ರದ್ದಾಗುತ್ತದೆ. ಎದೆಗೆಂದು ಬೇರೆ ಸಾಧನ ತಂದು ಮೈಗೆ ಇನ್ನೊಂದು ಗ್ರೌಂಡ್ ಜೋಡಿಸುವುದು ಮಾತ್ರ ಸಲ್ಲದು.

ಜೋಡಿ ಎಲೆಕ್ಟ್ರೋಡ್ ಎಲ್ಲವನ್ನೂ ಬಗೆಹರಿಸಿತೆಂದು ನಾನು ಹೇಳುತ್ತಿಲ್ಲ. ಹೃದಯದ ವಿದ್ಯುತ್ ಕ್ಷೇತ್ರ ಮೂರು ಆಯಾಮಗಳದ್ದು. ಒಂದು ಜೋಡಿ ಕಾಣುವುದು ತನ್ನ ನೇರದ ಅಂಶವನ್ನು ಮಾತ್ರ, ಮತ್ತು ಉಸಿರಾಟದೊಂದಿಗೆ ಆ ನೇರವೂ ಕೊಂಚ ಹೊರಳುತ್ತದೆ. ಹೃದಯ ಬಡಿತಕ್ಕೆ ಮಿದುಳು ಕೊಡುವ ಪ್ರತಿಕ್ರಿಯೆಯನ್ನು ಅಧ್ಯಯನ ಮಾಡುವವರಿಗೆ ತೊಡಕು ಇನ್ನೂ ಹೆಚ್ಚು. ಅವರು ನೋಡುವುದು ಆರ್ ಅಲೆಯ ಅನಂತರದ 200ರಿಂದ 600 ಮಿಲಿಸೆಕೆಂಡುಗಳನ್ನು. ಇಸಿಜಿಯ ಟಿ ಅಲೆ ಬೀಳುವುದೂ ಅಲ್ಲಿಯೇ. ಅಲ್ಲಿ ಮಿದುಳಿನ ಸಂಕೇತವೇ ಹೃದಯಕ್ಕೆ ಬೆಸೆದುಕೊಂಡಿರುವುದರಿಂದ ಸರಾಸರಿ ತೆಗೆಯುವ ಉಪಾಯ ನೆರವಾಗುವುದಿಲ್ಲ. ಆ ಅವಧಿಯಲ್ಲಿ ಟಿ ಅಲೆಯ ಪಾಲೆಷ್ಟು, ಮಿದುಳಿನದೆಷ್ಟು ಎಂದು ಬೇರ್ಪಡಿಸಲು ಎದೆಯ ಮೇಲೆ ಕನಿಷ್ಠ ಎಷ್ಟು ಜೋಡಿಗಳು ಬೇಕೆಂಬುದನ್ನು ಈ ಲೇಖನದ ವಾದದಿಂದ ತೀರ್ಮಾನಿಸಲಾಗದು.