ಐದು ದಿನ, ಮೂರೂವರೆ ವರ್ಷ

ನಾನು ಬೀದರಿನವನು. ಊರಿನ ಹಿರಿಯರು ‘ಪೊಲೀಸ್ ಆಕ್ಷನ್’ ಅಂದೊಡನೆ ದನಿ ತಗ್ಗಿಸುತ್ತಿದ್ದರು. ಯಾಕೆಂದು ತಿಳಿದದ್ದು ಕಾಚಿಗೂಡಕ್ಕೆ ಬಂದ ಮೇಲೆ, ಓದಿಕೊಂಡಾಗ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮರ ಸಂಸ್ಥಾನದೊಳಕ್ಕೆ ಬಂತು. 17ರಂದು ನಿಜಾಮರು ಮಣಿದರು. ಸೇನೆಯನ್ನು ನಡೆಸಿದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರೇ ಮಿಲಿಟರಿ ಗವರ್ನರ್ ಆದರು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅವರ ಕೈಕೆಳಗೆ ಬಂದವು.

1949ರಲ್ಲಿ ಅವರ ಆಡಳಿತ ಜಾಗೀರುಗಳನ್ನು ರದ್ದು ಮಾಡಿತು. ರಜಾಕಾರರ ಹಾವಳಿ ನಿಂತಿತ್ತು. ಆದರೆ ಅದರ ಬೆನ್ನಿಗೇ ಮುಸ್ಲಿಮರ ಕೊಲೆ, ಲೂಟಿ ನಡೆದವು. ಅದನ್ನು ವಿಚಾರಿಸಿದ ಸುಂದರ್‌ಲಾಲ್ ಸಮಿತಿಯ ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ತಗ್ಗಿದ ದನಿಗೆ ಕಾರಣ ಅದು.

1949ರ ಕೊನೆಗೆ ಚೌಧುರಿ ಅಧಿಕಾರ ಬಿಟ್ಟು ಸೇನೆಗೆ ಮರಳಿದರು. 1950ರ ಜನವರಿ 26ರಂದು ಮುಖ್ಯಮಂತ್ರಿಯಾದ ಎಂ. ಕೆ. ವೆಲ್ಲೋಡಿ ಐಸಿಎಸ್ ಅಧಿಕಾರಿ, ಜನ ಆರಿಸಿದವರಲ್ಲ. ಚುನಾವಣೆ ನಡೆದು ಬೂರ್ಗುಲ ರಾಮಕೃಷ್ಣ ರಾವ್ ಬಂದದ್ದು 1952ರ ಮಾರ್ಚಿನಲ್ಲಿ. ಚೌಧುರಿ ಮುಂದೆ, 1962ರಲ್ಲಿ, ಭೂಸೇನೆಯ ಮುಖ್ಯಸ್ಥರಾದರು. ಚುನಾಯಿತ ಸರ್ಕಾರದ ಅಧೀನದಲ್ಲಿ.

ಸಂಸ್ಥಾನ ಗೆಲ್ಲಲು ಐದು ದಿನ ಸಾಕಾಯಿತು. ಜನರ ಸರ್ಕಾರ ಬರಲು ಮೂರೂವರೆ ವರ್ಷ ಬೇಕಾಯಿತು. ಹಿರಿಯರ ದನಿ ಮಾತ್ರ ಕಡೆಯವರೆಗೂ ಏರಲಿಲ್ಲ.